ಅರವತ್ತು ಹುಣಸೆ ಬೀಜ

ಬೆಟ್ಟದ ಬುಡದಲ್ಲಿ ಒಂದು ಮಠ. ಮಠದಲ್ಲೊಬ್ಬ ವಯಸ್ಸಾದ ಗುರು. ಅವರ ಬಳಿ ರಾಚಮ್ಮ ಎಂಬ ಶಿಷ್ಯೆ ಇದ್ದಳು.

ಮಠಕ್ಕೆ ಬಂದ ಹೊಸತರಲ್ಲಿ ಅವಳು ಪಾತ್ರೆ ತಿಕ್ಕುವವಳು. ಅಕ್ಷರ ಕಲಿತದ್ದು ಬೆಲ್ಲ ಕಟ್ಟಿ ತಂದ ಕಾಗದಗಳಿಂದ. ಯಾರೂ ಕಲಿಸಿದ್ದಲ್ಲ. ಅದನ್ನು ಅವಳು ಮರೆತಿರಲಿಲ್ಲ, ಬೇರೆಯವರಿಗೆ ಮರೆಯಲು ಬಿಡುತ್ತಲೂ ಇರಲಿಲ್ಲ.

ಬೆಟ್ಟದ ನೆತ್ತಿಯ ಬಂಡೆಯಲ್ಲಿ ಒಂದು ದೊಣೆ. ಬೇಸಿಗೆಯಲ್ಲೂ ಬತ್ತದ ನೀರು. ವರ್ಷಕ್ಕೊಂದು ದಿನ ಮಠದವರು ಹತ್ತಿ, ನೀರು ಮುಟ್ಟಿ, ಅದೇ ದಿನ ಇಳಿಯಬೇಕು. ಸಂಜೆ ಐದಾದರೆ ದಾರಿ ಆನೆಗಳದ್ದು.

ಮೂರು ವರ್ಷದ ಹಿಂದೆ ಇಳಿಯುವಾಗ ಕತ್ತಲಾಯಿತು. ಗುರುಸಿದ್ದಪ್ಪ ಎಂಬ ಮುದುಕ ಬರಲೇ ಇಲ್ಲ. ಮಾರನೆಯ ದಿನ ದಾರಿಯ ಒಂದು ಮರದ ಬುಡದಲ್ಲಿ ಅವನ ಊರುಗೋಲು ಮಾತ್ರ ಸಿಕ್ಕಿತು. ಅಂದಿನಿಂದ ಯಾರೂ ಹತ್ತಿರಲಿಲ್ಲ.

"ಈ ವರ್ಷ ನಾನು ಕರ್ಕೊಂಡು ಹೋಗ್ತೀನಿ ಬುದ್ಧಿ," ಅಂದಳು ರಾಚಮ್ಮ. "ಆರು ಜನ ಬರ್ತೀವಿ ಅಂದಿದ್ದಾರೆ. ನಾಳೆಯೇ ದಿನ. ಇವತ್ತು ನೀವು ಹೂಂ ಅನ್ನಬೇಕು."

"ಆರು ಜನ ಯಾರು?"

ಅವಳು ಹೆಸರು ಹೇಳಿದಳು. ಕೊನೆಯ ಹೆಸರು ಕೆಂಪದೇವಮ್ಮನದು. ಗುರುಸಿದ್ದಪ್ಪನ ಹೆಂಡತಿ.

ಗುರು ತಲೆ ಎತ್ತಿದರು.

"ಗಂಡ ಕೂತಿದ್ದ ಮರ ನೋಡಬೇಕಂತೆ," ಅಂದಳು ರಾಚಮ್ಮ. "ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಅವಳು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಗುರುವಿನ ಮುಂದೆ ಹಾಸಿದಳು. ಹಿಂಬದಿಯಲ್ಲಿ ಇಡೀ ದಾರಿ ಬರೆದಿದ್ದಳು.

ಬೆಟ್ಟ ಹತ್ತುವವರು ಗಡಿಯಾರ ಕಟ್ಟುವಂತಿಲ್ಲ, ಅದು ಮಠದ ರೂಢಿ. ಹೊತ್ತನ್ನು ಜಪದಿಂದಲೇ ಅಳೆಯಬೇಕು. ಒಂದು ಮಾಲೆ ಜಪಕ್ಕೆ ಐದು ನಿಮಿಷ. ಮಾಲೆ ಮುಗಿದಾಗಲೆಲ್ಲ ಸೊಂಟದ ಬಲಗಡೆಯ ಚೀಲದಿಂದ ಒಂದು ಹುಣಸೆ ಬೀಜ ಎಡಗಡೆಯ ಚೀಲಕ್ಕೆ.

"ಬೆಳಿಗ್ಗೆ ಆರಕ್ಕೆ ಮಠದ ಗೇಟು ಬಿಡೋದು," ರಾಚಮ್ಮ ಬೆರಳಿಟ್ಟು ಓದಿದಳು. "ಕಲ್ಲುಮಂಟಪದ ತನಕ ಜೀಪು. ಆರು ಮಾಲೆ. ಅಲ್ಲಿಂದ ಕಾಲುದಾರಿ. ದೊಣೆಗೆ ನಲವತ್ತೆಂಟು ಮಾಲೆ. ಪೂಜೆ, ಬುತ್ತಿ, ಹನ್ನೆರಡು. ಇಳಿಯೋದು ಮೂವತ್ತಾರು. ಮತ್ತೆ ಜೀಪಿಗೆ ಆರು. ಒಟ್ಟು ನೂರೆಂಟು. ಮಾಲೇಲಿ ಎಷ್ಟು ಮಣಿಯೋ ಅಷ್ಟೇ ಮಾಲೆ! ಮೂರು ಗಂಟೆಗೆಲ್ಲ ಮಠದಲ್ಲಿರ್ತೀವಿ."

"ಚಂದ ಕೂತಿದೆ," ಅಂದರು ಗುರು.

"ಕೂರಿಸಿದ್ದಲ್ಲ ಬುದ್ಧಿ. ಎರಡು ಸಲ ಒಬ್ಬಳೇ ಹತ್ತಿ ಅಳೆದಿದ್ದೀನಿ. ಮಂಟಪದ ತನಕವೂ ಒಳದಾರೀಲಿ ನಡ್ಕೊಂಡೇ ಹೋಗಿದ್ದೆ."

"ವಾಪಸ್ ಬಂದಾಗ ಎಷ್ಟು ಹೊತ್ತಾಗಿತ್ತು?"

ರಾಚಮ್ಮ ಹಾಳೆಯ ಮಡಿಕೆ ನೇವರಿಸಿದಳು. "ಎರಡು ಸಲವೂ ದೀಪ ಹಚ್ಚಿದ್ರು. ಚಳಿಗಾಲ ನೋಡಿ. ಹೊತ್ತು ಬೇಗ ಮುಳುಗುತ್ತೆ."

ಗುರು ಎದ್ದು ಚಪ್ಪಲಿ ಮೆಟ್ಟಿದರು. "ಜೀಪಿನವನನ್ನ ಕರಿ. ಕೆಂಪದೇವಮ್ಮನನ್ನೂ ಕರಿ. ಮಂಟಪದ ತನಕ ಹೋಗಿ ಬರೋಣ. ಇಲ್ಲಿಂದಲೇ ಮಾಲೆ ಹಿಡಿ."

"ಅರ್ಧ ಗಂಟೆ ದಾರಿಗೆ ಪರೀಕ್ಷೆಯಾ?"

"ಅರ್ಧ ಗಂಟೆ ತಾನೇ? ಬಾ."

ಮುನಾವರ್ ಜೀಪು ತಂದ. ಬೆಳಗಿನ ಏಳು ಗಂಟೆಗೆ ಗೇಟು ದಾಟಿದರು. ರಾಚಮ್ಮನ ಹೆಬ್ಬೆರಳ ಕೆಳಗೆ ಮೊದಲ ಮಣಿ ಜಾರಿತು.

ಎರಡನೆಯ ಬೀಜ ಎಡಚೀಲಕ್ಕೆ ಬೀಳುವ ಹೊತ್ತಿಗೆ ರಸ್ತೆ ಮುಗಿದು ಬರೀ ಗಾಲಿಯ ಗುರುತು ಉಳಿಯಿತು. ಮುಂದೆ ಮಳೆನೀರು ಕೊರೆದ ಕೊರಕಲು. ಜೀಪಿನ ಮೂತಿ ಕೆಳಕ್ಕೆ ವಾಲಿತು.

"ಎಲ್ಲ ಇಳೀರಿ," ಅಂದ ಮುನಾವರ್. "ಕಲ್ಲು ತುಂಬಬೇಕು. ಅಕ್ಕಾ, ಆ ದಪ್ಪದ್ದು ತಗೊಂಬನ್ನಿ."

ರಾಚಮ್ಮ ಮಾಲೆಯನ್ನು ಸೆರಗಿಗೆ ಸಿಕ್ಕಿಸಿ ಕಲ್ಲು ಹೊತ್ತಳು. ಕೆಂಪದೇವಮ್ಮ ಮಂಡಿಯ ಮೇಲೆ ಎರಡೂ ಕೈ ಊರಿ ಇಳಿದಳು, ದಾಟಿದಳು, ಮತ್ತೆ ಹತ್ತಿದಳು.

"ಈ ಗಾಡಿಗಿಂತ ನಮ್ಮತ್ತೆ ಮೇಲು ಕಣಪ್ಪ," ಅಂದಳು ಕೆಂಪದೇವಮ್ಮ. "ಅವಳು ಇಷ್ಟು ಎತ್ತಿ ಹಾಕ್ತಿರಲಿಲ್ಲ."

ಜೀಪು ಹೊರಟಿತು. ಮಣಿ ಜಾರಿತು.

ಹಳ್ಳ ಬಂತು. ಮತ್ತೆ ಇಳಿದರು. ಜೀಪು ಮರಳಿನಲ್ಲಿ ಹೂತಿತು. ಸೊಪ್ಪು ಕಡಿದು ಗಾಲಿಯ ಕೆಳಗೆ ಹಾಕಿ ತಳ್ಳಿದರು. ರಾಚಮ್ಮನ ಸೀರೆಯೆಲ್ಲ ಕೆಸರು. ಅವಳು ಹಲ್ಲು ಕಚ್ಚಿ ತಳ್ಳಿದಳು.

ಬಿದಿರುಮೆಳೆಯ ತಿರುವಿನಲ್ಲಿ ಮುನಾವರ್ ತಟ್ಟನೆ ಎಂಜಿನ್ ಆರಿಸಿದ.

"ಉಸಿರು ಬಿಡಬೇಡಿ," ಎಂದು ಪಿಸುಗುಟ್ಟಿದ.

ದಾರಿಯ ನಡುವೆ ಲದ್ದಿ. ಇನ್ನೂ ಹಬೆಯಾಡುತ್ತಿತ್ತು.

ಬಲಕ್ಕೆ ಬಿದಿರು ಲಟ್ಟೆಂದಿತು. ಸುಮ್ಮನಾಯಿತು. ಮತ್ತೆ ಲಟ್ಟೆಂದಿತು, ಈ ಸಲ ಹತ್ತಿರ.

ರಾಚಮ್ಮನ ಹೆಬ್ಬೆರಳು ಮಣಿಯ ಮೇಲೆ ಕಲ್ಲಾಗಿ ಕೂತಿತ್ತು. ಕೆಂಪದೇವಮ್ಮ ಅವಳ ಮೊಣಕೈ ಹಿಡಿದುಕೊಂಡಳು.

ಒಂದು ಆನೆ ದಾಟಿತು. ಅದರ ಹಿಂದೆ ಮರಿ. ಅದರ ಹಿಂದೆ ಇನ್ನೊಂದು, ನಿಂತು, ಸೊಂಡಿಲೆತ್ತಿ ಗಾಳಿ ಮೂಸಿ, ಬಹಳ ಹೊತ್ತು ಇವರ ಕಡೆಗೇ ತಿರುಗಿಕೊಂಡಿತ್ತು. ಆಮೇಲೆ ಅದೂ ಇಳಿಜಾರಿನಲ್ಲಿ ಇಳಿದು ಹೋಯಿತು.

ಕಾಡು ಪೂರಾ ಸುಮ್ಮನಾಗುವವರೆಗೂ ಮುನಾವರ್ ಕೀಲಿ ಮುಟ್ಟಲಿಲ್ಲ.

ಗುರು ಆನೆಯನ್ನು ನೋಡಿರಲಿಲ್ಲ. ಅಷ್ಟು ಹೊತ್ತೂ ರಾಚಮ್ಮನ ಹೆಬ್ಬೆರಳನ್ನೇ ನೋಡುತ್ತಿದ್ದರು.

ಕೊನೆಗೆ ಕಲ್ಲುಮಂಟಪ ಬಂತು. ಜೀಪಿನ ದಾರಿ ಅಲ್ಲಿಗೆ ಮುಗಿಯಿತು. ಅದರಾಚೆ ಕಾಲುದಾರಿ ಹುಲ್ಲಿನೊಳಗೆ ನೆಟ್ಟಗೆ ಏರಿತ್ತು.

"ಎಷ್ಟಾಯಿತು?" ಅಂದರು ಗುರು.

ರಾಚಮ್ಮ ಎಡಚೀಲ ಬಿಚ್ಚಿ ಅಂಗೈ ಮೇಲೆ ಸುರಿದಳು. ಮುಖ ಅರಳಿತು.

"ಆರು! ನಾನು ಬರೆದಿದ್ದೇ ಆರು, ಬುದ್ಧಿ."

"ಮುನಾವರ್, ನಿನ್ನ ಗಡಿಯಾರ ಏನನ್ನುತ್ತೆ?"

"ಏಳಕ್ಕೆ ಬಿಟ್ವಿ. ಈಗ ಒಂಬತ್ತು ದಾಟಿ ಹತ್ತು ನಿಮಿಷ."

ರಾಚಮ್ಮ ಅವನತ್ತ ತಿರುಗಿದಳು. "ಅರ್ಧ ಗಂಟೆ ಅಂತ ನೀನೇ ಅಂದಿದ್ದೆ!"

"ಬೇಸಿಗೇಲಿ, ಖಾಲಿ ಗಾಡೀಲಿ ನಾನೊಬ್ಬನೇ ಬಂದ್ರೆ ಅಂದಿದ್ದೆ ಅಕ್ಕಾ. ನೀವು ಪೂರ್ತಿ ಎಲ್ಲಿ ಕೇಳಿಸ್ಕೊಂಡ್ರಿ?"

"ನಿನ್ನ ಗಡಿಯಾರ ಕೆಟ್ಟಿದೆ."

ಮುನಾವರ್ ಮಂಟಪದ ಕಂಬದತ್ತ ಕೈ ತೋರಿಸಿದ. ಕಂಬದ ನೆರಳು ಆಗಲೇ ಗಿಡ್ಡವಾಗುತ್ತ ಬಂದಿತ್ತು.

"ಕೊರಕಲಿಗೆ ಕಲ್ಲು ತುಂಬಿದೆವಲ್ಲ," ಅಂದರು ಗುರು. "ಆಗೆಷ್ಟು ಮಣಿ?"

"ಆಗ ನಾವು ನಿಂತಿದ್ವಿ ಬುದ್ಧಿ. ದಾರಿ ಎಲ್ಲಿ ಸಾಗ್ತಿತ್ತು?"

"ಆನೆ ದಾಟಿದಾಗ?"

"ಆಗಲೂ ನಿಂತಿ..."

ಒಬ್ಬಳೇ ಹತ್ತಿದ ಆ ಎರಡು ದಿನಗಳು ಅವಳ ಕಣ್ಣ ಮುಂದೆ ಬಂದವು. ಎದೆ ಹಾರಿ ಬಂಡೆಗೊರಗಿದ್ದು. ಕಾಲಿನ ಮುಳ್ಳು ಕೀಳಲು ಕೂತದ್ದು. ನೀರು ಕುಡಿದು ಹಾಗೇ ಕಣ್ಣು ಮುಚ್ಚಿದ್ದು. ಆಗೆಲ್ಲ ಮಾಲೆ ಸೆರಗಿನಲ್ಲಿತ್ತು. ತಾನು ಕೂತದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಲೆಗೂ ಹೇಳಿರಲಿಲ್ಲ.

ಅವಳ ಮುಖ ಬಿಸಿಯಾಯಿತು.

"ಬೇರೆಯವರು ಬರೆದಿದ್ದರೆ ಈ ಪರೀಕ್ಷೆ ಇರ್ತಿರಲಿಲ್ಲ," ಅಂದಳು. "ಪಾತ್ರೆ ತಿಕ್ಕೋಳು ಬರೆದದ್ದು ನೋಡಿ, ಅದಕ್ಕೆ."

"ಮೂರು ವರ್ಷದ ಹಿಂದೆ ಬರೆದವನು ಓದಿದವನೇ," ಅಂದರು ಗುರು. "ಅವನ ಹಾಳೆ ನಾನು ನೋಡಲಿಲ್ಲ."

ರಾಚಮ್ಮ ಸೋಲಲು ಸಿದ್ಧಳಿರಲಿಲ್ಲ. ಹಾಳೆ ಬಿಡಿಸಿದಳು, ಮತ್ತೆ ಕೂಡಿದಳು, ಕಳೆದಳು. ಎಷ್ಟು ಸಲ ಕೂಡಿದರೂ ಇಳಿಯುವಾಗ ಐದು ಗಂಟೆ ದಾಟುತ್ತಿತ್ತು. ಆಮೇಲೆ ಮುಖ ಎತ್ತಿದಳು.

"ಆಗುತ್ತೆ ಬುದ್ಧಿ. ಗಟ್ಟಿ ಇರೋರು ಐದು ಜನ ಓಡೋ ಹಾಗೆ ಹತ್ತಿ ಇಳಿದರೆ ಆಗುತ್ತೆ." ಕೆಂಪದೇವಮ್ಮನ ಕಡೆ ತಿರುಗಿದಳು. "ಅಮ್ಮಾ, ನಿಮ್ಮನ್ನ ಆ ಮರದ ತನಕ ಕೈ ಹಿಡಿದು ಕರ್ಕೊಂಡು ಹೋಗ್ತೀನಿ. ನೀವು ಅಲ್ಲೇ ಕೂತಿರಿ. ಬರ್ತಾ ಕರ್ಕೊಂಡು ಬರ್ತೀವಿ."

ಮಂಟಪದ ಕಟ್ಟೆಯ ಮೇಲೆ ಮಂಡಿ ನೀವಿಕೊಳ್ಳುತ್ತಿದ್ದ ಕೆಂಪದೇವಮ್ಮನ ಕೈ ನಿಂತಿತು.

"ಅವರಿಗೂ ಹಿಂಗೇ ಹೇಳಿದ್ರಂತೆ ಕಣವ್ವ," ಅಂದಳು.

ಮುನಾವರ್ ಬೇರೆ ಕಡೆ ನೋಡಿದ.

ರಾಚಮ್ಮ ಹಾಳೆಯನ್ನು ಮಡಿಸಿದಳು. ಇನ್ನೊಮ್ಮೆ ಮಡಿಸಿದಳು. ಅದು ಅಂಗೈಯಷ್ಟಾಗುವ ತನಕ ಮಡಿಸಿದಳು. ಹೋಗಿ ಕೆಂಪದೇವಮ್ಮನ ಪಕ್ಕ ಕೂತಳು. ಮೊದಲ ಸಲ, ಎಲ್ಲರ ಎದುರಿಗೆ, ದಾರಿಯಲ್ಲಿ ಕೂತಳು.

"ತಪ್ಪು ಮಾತಾಡಿದೆ ಅಮ್ಮಾ," ಅಂದಳು.

ಆಮೇಲೆ ಗುರುವನ್ನು ಕೇಳಿದಳು. "ನಾಳೆ ಹೋಗೋದು ಬೇಡವಾ ಬುದ್ಧಿ?"

"ಬೇಡ ಅಂದೆನಾ?"

ಗುರು ಅವಳ ಕೈಯಿಂದ ಮಾಲೆ ತೆಗೆದುಕೊಂಡರು. ಅದನ್ನು ಕೆಂಪದೇವಮ್ಮನ ಕೈಗಿಟ್ಟರು. ಆಮೇಲೆ ರಾಚಮ್ಮನ ಚೀಲ ಬಿಚ್ಚಿ ಒಂದೊಂದೇ ಬೀಜ ಎಣಿಸಿ ಆ ಮುದುಕಿಯ ಮಡಿಲಿಗೆ ಹಾಕುತ್ತ ಹೋದರು. ಅರವತ್ತಕ್ಕೆ ನಿಲ್ಲಿಸಿದರು. ಉಳಿದವನ್ನು ಹುಲ್ಲಿಗೆ ಎಸೆದರು.

"ಗೇಟಿನಿಂದಲೇ ಶುರು ಮಾಡವ್ವ," ಅಂದರು ಕೆಂಪದೇವಮ್ಮನಿಗೆ. "ನಡೆದರೂ ಎಣಿಸು, ಕೂತರೂ ಎಣಿಸು."

ರಾಚಮ್ಮ ಮಡಿಲಿನ ಬೀಜಗಳನ್ನು ನೋಡಿದಳು. ಐದು ಗಂಟೆಗಳ ಹೊತ್ತು; ಆರಕ್ಕೆ ಹೊರಟರೆ ಹನ್ನೊಂದಕ್ಕೆ ಮುಗಿಯುತ್ತವೆ, ಉಳಿದದ್ದು ಕತ್ತಲಾಗುವ ಮೊದಲು ಇಳಿಯಲು. ತಲೆ ಎತ್ತಿ, ಹುಲ್ಲು ಬಂಡೆಗಳಾಚೆ ಮೋಡದಲ್ಲಿ ಅಡಗಿದ್ದ ನೆತ್ತಿಯನ್ನು ನೋಡಿದಳು.

"ಇವರು ಮರಮರಕ್ಕೂ ಕೂರ್ತಾರೆ ಬುದ್ಧಿ. ಅರವತ್ತರೊಳಗೆ ನಾವು ತುದಿ ಮುಟ್ಟೋದು ಹೇಗೆ?"

ಗುರು ಜೀಪಿನ ಕಂಬಿ ಹಿಡಿದು ಹತ್ತಿ ಕೂತರು.

"ಅರವತ್ತನೇ ಬೀಜ ಮುಗಿದಾಗ ನೀವು ಏಳೂ ಜನ ಒಟ್ಟಿಗೆ ಎಲ್ಲಿರ್ತೀರೋ, ಅದೇ ತುದಿ."