ತಿದಿ ಮಲಗಿದ ಗುಡ್ಡ

ಕಲ್ಲುಮರಡಿಯ ಸುತ್ತ ಎತ್ತ ನೋಡಿದರೂ ಜಾಲಿ, ಕೆಂಪು ನೆಲ, ಬಿಸಿಲು. ಊರ ಪಡುವಣಕ್ಕಿರುವ ಗುಡ್ಡವೊಂದು ಮಾತ್ರ ನೆತ್ತಿಯಿಂದ ಬುಡದವರೆಗೆ ಹಸಿರು ಹೊದ್ದು ಕೂತಿದೆ. ಶ್ರಾವಣದ ಬೆಳಗಿನಲ್ಲಿ ಅದರ ತಲೆಯ ಮೇಲೆ ಇಳಿದ ಮೋಡ ಬಿಸಿಲೇರುವವರೆಗೂ ಕದಲುವುದಿಲ್ಲ. ನಡುಗುಡ್ಡದ ಬಂಡೆಗಳ ನಡುವೆ ಒಂದು ದೊಣೆ; ಕಡುಬೇಸಿಗೆಯಲ್ಲೂ ಅದರಲ್ಲಿ ಮೊಣಕಾಲುದ್ದ ನೀರು. ಹತ್ತುವ ದಾರಿಯಲ್ಲಿ ಕಾಲಿಗೆ ಸಿಗುವ ಕರಿಯ, ತೂತುತೂತಾದ ಉಂಡೆಗಳು ಕಲ್ಲಲ್ಲ, ಕಬ್ಬಿಣದ ಕಿಟ್ಟ. ಇಷ್ಟು ತಂಪಾದ ಜಾಗಕ್ಕೆ ಬೆಂಕಿ ಊದುವ ತೊಗಲಚೀಲದ ಹೆಸರೇಕೆ, ತಿದಿ ಮಲಗಿದ ಗುಡ್ಡ ಎಂದೇಕೆ ಕರೆಯುತ್ತೀರಿ ಎಂದು ಹೊಸಬರು ಕೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರಿಗಿಂತಲೂ ಮೊದಲು, ಈ ಗುಡ್ಡದ ಬುಡದಲ್ಲಿ ಕಬ್ಬಿಣ ಕರಗಿಸುವವರ ಏಳು ಮನೆಗಳಿದ್ದವು ಎನ್ನುತ್ತಾರೆ, ಮನೆಗೊಂದು ಒಲೆ. ಅವರ ಯಜಮಾನ ಮೌನಾಚಾರಿ. ಹಳ್ಳದ ಕರಿಮರಳನ್ನು ಇದ್ದಿಲಿನೊಡನೆ ಒಲೆಗೆ ತುಂಬಿ, ಎಮ್ಮೆ ತೊಗಲಿನ ತಿದಿಯಿಂದ ಹಗಲೆಲ್ಲ ಊದಿದರೆ ಸಂಜೆಗೆ ಒಂದು ಮುದ್ದೆ ಕಬ್ಬಿಣ. ಆ ಒಂದು ಮುದ್ದೆಗೆ ಒಂದು ಗಾಡಿ ಇದ್ದಿಲು. ಇದ್ದಿಲಿಗೆ ಗುಡ್ಡದ ಮರ. ಒಲೆಯೊಳಗಿನ ಬೆಂಕಿ ಸಾಕ್ಷಾತ್ ಕಾಳಮ್ಮನೆಂದು ಅವರ ನಂಬಿಕೆ. ಯಜಮಾನ ಸತ್ತ ದಿನ ಮಾತ್ರ ಅವನ ತಿದಿಯ ಕಟ್ಟು ಬಿಚ್ಚಿ ನೆಲದ ಮೇಲೆ ಮಲಗಿಸುವುದು ಪದ್ಧತಿ. ಅದು ಮಲಗಿದ ಜಾಗದಲ್ಲಿ ಕುಲದವರು ಮತ್ತೆ ಒಲೆ ಹೂಡುವಂತಿರಲಿಲ್ಲ, ಕೊಡಲಿ ಎತ್ತುವಂತೆಯೂ ಇರಲಿಲ್ಲ.

ಮರ ಕಡಿಯುತ್ತ ಕಡಿಯುತ್ತ ಬುಡ ಬೋಳಾಯಿತು, ಹೆಗಲು ಬೋಳಾಯಿತು. ಉಳಿದದ್ದು ದೊಣೆಯ ಮೇಲಿನ ಒಂದು ತೋಪು. ಮೋಡಗಳು ಪಡುವಣದಿಂದ ಎಂದಿನಂತೆ ಬರುತ್ತಿದ್ದವು, ಕಾದ ಬಂಡೆಗಳ ಮೇಲೆ ಹಾದು ಹೊರಟು ಹೋಗುತ್ತಿದ್ದವು. ಮೂರು ವರ್ಷ ಹೀಗಾದಾಗ ಮೌನಾಚಾರಿ, ತಾಯಿ ಕಾಳಮ್ಮನಿಗೆ ಹಸಿವು, ಅದಕ್ಕೇ ಮುನಿದಿದ್ದಾಳೆ ಎಂದುಕೊಂಡ. ಎಂಟನೆಯ ಒಲೆಯ ಹರಕೆ ಹೊತ್ತ. ಅದಕ್ಕೆ ಆ ತೋಪೇ ಇದ್ದಿಲಾಗಬೇಕಿತ್ತು.

ಒಲೆ ಹೂಡುವ ದಿನ ನೋಡಿದರೆ ತಿದಿಯ ತೊಗಲು ಒಣಗಿ ಬಿರುಕು ಬಿಟ್ಟಿದೆ. ನೆನೆಸದೆ ಅದು ಉಸಿರಾಡದು. ದೊಣೆಯೋ ದಿನಕ್ಕೊಂದು ಕೊಡ ಜಿನುಗುವಷ್ಟಾಗಿತ್ತು. ಅಂದಿನ ಕೊಡ ಸೊಸೆ ಚೌಡವ್ವನ ಸೊಂಟದ ಒಂದು ಕಡೆ, ಇನ್ನೊಂದು ಕಡೆ ಎಂಟು ತಿಂಗಳ ಕೂಸು.

“ನೀರು ತಾರವ್ವ, ತಿದಿ ನೆನೀಬೇಕು.”

“ಇರೋದು ಇದೊಂದೇ, ಮಾವಯ್ಯ. ತಿದಿ ಕುಡಿದರೆ ಕೂಸಿಗೆ ನಾಳೆವರೆಗೂ ಇಲ್ಲ.”

“ತಾಯಿ ಹಸಿದವ್ಳೆ. ಅವಳಿಗೆ ಉಣಿಸಿದರೆ ಮಳೆ ತಾನೇ ಬರುತ್ತೆ.”

“ಮೂರು ವರ್ಷದಿಂದ ಉಣಿಸ್ತಾನೇ ಇದ್ದೀರಿ. ಮೋಡ ಬರೋದು ನಿಂತಿಲ್ಲ ಮಾವಯ್ಯ, ಕೂರೋದು ನಿಂತದೆ. ಮಣೆ ಹಾಕದ ಮನೇಲಿ ಯಾವ ನೆಂಟ ಕೂರ್ತಾನೆ?”

ಪಕ್ಕದೊಲೆಯ ಬಸವಾಚಾರಿ ನಕ್ಕ. “ಸೊಸೆ ಮಾವನಿಗೇ ಕುಲಕಸುಬು ಕಲಿಸ್ತಾವ್ಳೆ, ಯಜಮಾನ್ರೇ.”

ಮೌನಾಚಾರಿ ಒಣಗಿದ ತಿದಿಯನ್ನು ಅಲ್ಲೇ ಬಿಟ್ಟು ಎದ್ದ. ಹರಕೆಯ ಮೊದಲ ಏಟು ಯಜಮಾನನದೇ ಆಗಬೇಕಾದ್ದರಿಂದ ಕೊಡಲಿ ಹಿಡಿದು ಬರಿಗಾಲಲ್ಲಿ ಹತ್ತಿದ. ಬೋಳು ಹೆಗಲು ದಾಟುವಷ್ಟರಲ್ಲಿ ಅಂಗಾಲು ಸುಟ್ಟುಹೋಯಿತು. ತೋಪಿನೊಳಗೆ ಕಾಲಿಟ್ಟನೋ ಇಲ್ಲವೋ, ಉರಿ ತಣ್ಣಗಾಯಿತು. ಕುಕ್ಕರುಗಾಲಲ್ಲಿ ಕೂತು ತರಗೆಲೆ ಸರಿಸಿದ, ಮಣ್ಣು ಹಸಿಯಾಗಿತ್ತು. ಆ ಬೇರುಗಳಿಂದಲೇ ಒಂದೊಂದು ಹನಿ ಇಳಿದು ದೊಣೆಗೆ ಬೀಳುತ್ತಿತ್ತು. ಅವನ ಎಳವೆಯಲ್ಲಿ ಇಡೀ ಗುಡ್ಡ ಹೀಗೇ ಇತ್ತು. ತಾನು ತಾಯಿಗೆ ಉಣಿಸಿದ್ದಲ್ಲ, ತಾಯಿಯ ಕೆಚ್ಚಲನ್ನೇ ಕೊಯ್ದದ್ದು ಎಂದು ಆಗ ಅವನಿಗೆ ಹೊಳೆಯಿತಂತೆ.

ಇಳಿದು ಬಂದವನೇ ತನ್ನ ತಿದಿಯ ಕಟ್ಟು ಬಿಚ್ಚಿದ. ಅದನ್ನು ಹೆಗಲಿಗೇರಿಸಿ ಮತ್ತೆ ಹತ್ತಿ, ತೋಪಿನಂಚಿನ ಹಾಸುಗಲ್ಲಿನ ಮೇಲೆ ಮಲಗಿಸಿದ. ಹಿಂದೆ ಬಂದ ಹೆಂಗಸರು ಸಾವಾದಂತೆ ಅತ್ತರು.

“ಅಳಬೇಡಿ. ನಾನು ಸತ್ತೆ ಅಂದ್ಕೊಳ್ಳಿ. ಇನ್ನು ಈ ಗುಡ್ಡದ ಮೇಲೆ ಯಾರೂ ಕೊಡಲಿ ಎತ್ತೋ ಹಾಗಿಲ್ಲ.”

ಬಸವಾಚಾರಿಗೆ ಸಿಟ್ಟು ನೆತ್ತಿಗೇರಿತ್ತು. “ಹಂಗಾದ್ರೆ ನಿಮ್ಮ ತಿಥಿ ಊಟ ಯಾವತ್ತು?”

“ದೊಣೆ ತುಂಬಿದ ದಿನ.”

ಏಳೂ ಒಲೆಗಳು ಆರಿದವು. ಕುಲದವರು ಊರೂರಿನ ನೇಗಿಲ ಗುಳ ತಟ್ಟಿಕೊಂಡು, ಹೊಲದ ಜಾಲಿಯನ್ನೇ ಇದ್ದಿಲು ಮಾಡಿಕೊಂಡು, ಹರದಾರಿ ದೂರದ ಹಳ್ಳದಿಂದ ನೀರು ಹೊತ್ತು ಬದುಕಿದರು. ಮೌನಾಚಾರಿಯನ್ನು ಕಂಡರೆ ಕೆಲವರು ಸತ್ತವನನ್ನು ಕಂಡಂತೆ ಮುಖ ತಿರುಗಿಸುತ್ತಿದ್ದರು. ಕಡಿದ ಬೊಡ್ಡೆಗಳು ಚಿಗುರಿದವು, ಹಕ್ಕಿ ಉದುರಿಸಿದ ಬೀಜ ಮೊಳೆಯಿತು. ಹೀಗೆ ಹನ್ನೆರಡು ವರ್ಷ. ಒಂದು ಶ್ರಾವಣದ ಬೆಳಗ್ಗೆ ಚೌಡವ್ವ ಗುಡ್ಡದಿಂದ ಒದ್ದೆ ಸೀರೆಯಲ್ಲೇ ಇಳಿದು ಬಂದು ಜಗಲಿಯ ಮುಂದೆ ನಿಂತಳು.

“ಮಾವಯ್ಯ, ಕೊಡ ಮುಳುಗ್ತು.”

“ಪೂರಾ?”

“ಬಾಯಿವರೆಗೂ. ದೊಣೆ ತುಂಬಿ ಬಂಡೆ ಮೇಲೆ ಹರೀತಾ ಅದೆ. ಏಳಿ, ನಿಮ್ಮ ತಿಥಿಗೆ ಅಕ್ಕಿ ತೊಳೀಬೇಕು.”

ಮುದುಕ ಕೈಮುಗಿದ. ಆಮೇಲೆ ಬಹಳ ಹೊತ್ತು ನಕ್ಕನಂತೆ. ಅಂದು ಏಳು ಮನೆಯವರೂ ತೋಪಿನಲ್ಲಿ ಪಂಕ್ತಿ ಕೂತರು. ಮೊದಲ ಎಲೆಯಲ್ಲಿ ಕೂತು ತನ್ನ ತಿಥಿಯನ್ನು ತಾನೇ ಉಂಡವನು ಮೌನಾಚಾರಿ, ಬಡಿಸಿದವನು ಬಸವಾಚಾರಿ.

ತೊಗಲಿನ ತಿದಿ ಮಣ್ಣಾಗಿ ಎಷ್ಟು ಕಾಲವಾಯಿತೋ. ಹಾಸುಗಲ್ಲು ಹಾಗೇ ಇದೆ, ನಡುವೆ ಒಂದು ತಗ್ಗು. ಈ ಗುಡ್ಡದಿಂದ ಯಾರೂ ಹಸಿ ಕಡ್ಡಿಯನ್ನೂ ಇಳಿಸುವುದಿಲ್ಲ. ಶ್ರಾವಣದಲ್ಲಿ ದೊಣೆ ತುಂಬಿ ಹರಿದ ದಿನ ಊರವರು ಹತ್ತಿ ಬಂದು ಮರಗಳ ಕೆಳಗೆ ಉಣ್ಣುತ್ತಾರೆ. ಎಲೆ ಹಾಕುವ ಮೊದಲು ಮನೆಯ ಸೊಸೆಯೊಬ್ಬಳು ದೊಣೆಯಲ್ಲಿ ಕೊಡ ಮುಳುಗಿಸಿ, ಅಂದು ತಿದಿಗೆ ಸಿಗದ ಆ ಒಂದು ಕೊಡ ನೀರನ್ನು ಕಲ್ಲಿನ ತಗ್ಗಿಗೆ ಸುರಿಯುತ್ತಾಳೆ.