ನಾಲ್ಕನೇ ತಪ್ಪು

ನಿವೃತ್ತರಾದ ಮೇಲೆ ಬಸಲಿಂಗಪ್ಪ ಮಾಸ್ತರರು ಬೆಳಗಿನ ಹೊತ್ತು ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಗಣಿತ ಕೇಳಲು ಯಾರಾದರೂ ಬಂದರೆ ಅಲ್ಲೇ ಪಾಠ.

ಒಂದು ದಿನ ಹಳೆಯ ಶಿಷ್ಯ ವಿರೂಪಾಕ್ಷ ಲ್ಯಾಪ್‌ಟಾಪ್ ಹಿಡಿದು ಬಂದ. ಈಗವನು ಡಿಗ್ರಿ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕ. ಮುಖ ಬಾಡಿತ್ತು.

“ಸರ, ಎರಡು ವರ್ಷ ಕೂತು ಇಡೀ ಗಣಿತ ಕಂಪ್ಯೂಟರಿಗೆ ಹಾಕೇನ್ರಿ. ಲೆಕ್ಕ ಅದ ಕೊಡತೈತಿ, ಅದ ತಿದ್ದತೈತಿ. ಮೂರು ಸಲ ತಪ್ಪಿದ್ರ ‘ಉತ್ತರ ನೋಡು’ ಅಂತ ಬಟನ್ ಬರತೈತಿ. ಲ್ಯಾಬಿನ್ಯಾಗ ಹೆಚ್ಚುಕಮ್ಮಿ ಎಲ್ಲಾರಿಗೂ ಹಸಿರು ಗುರುತು. ಪರೀಕ್ಷೆದಾಗ ಅರವತ್ತರಾಗ ನಲವತ್ತು ಮಂದಿ ಫೇಲು. ಸೋಮವಾರ ಪ್ರಿನ್ಸಿಪಾಲರು ಇದನ್ನ ಮುಚ್ಚಸ್ತಾರ.”

“ನನಗೊಂದು ಲೆಕ್ಕ ಕೊಡು.”

ಲೆಕ್ಕ ಬಂತು. ಮಾಸ್ತರರು ಸೊನ್ನೆ ಒತ್ತಿದರು. ತಪ್ಪು. ಮತ್ತೆ ಸೊನ್ನೆ. ತಪ್ಪು. ಮತ್ತೆ ಸೊನ್ನೆ. ಬಟನ್ ಬಂತು, ಒತ್ತಿದರು. ಪೂರ್ತಿ ಉತ್ತರ ತೆರೆದುಕೊಂಡಿತು. ನೋಡಿಕೊಂಡು ಹಾಗೇ ಇಳಿಸಿದರು. ಹಸಿರು ಗುರುತು ಬಿತ್ತು.

“ಪಾಸಾದ್ನೇನಪಾ?”

“ಸರ, ನೀವು ಲೆಕ್ಕಾನ ಓದಲಿಲ್ಲಲ್ರಿ!”

“ನಿನ್ನ ಹುಡುಗ್ರು ಓದ್ಯಾರೇನು ನೋಡು.”

ವಿರೂಪಾಕ್ಷ ಲ್ಯಾಬಿನ ದಾಖಲೆ ತೆರೆದ. ಸೊನ್ನೆ, ಸೊನ್ನೆ, ಸೊನ್ನೆ. ಪುಟ ಪುಟವೂ ಅದೇ. ಹಸಿರು ನೋಡಿ ನೋಡಿ ಹಿಗ್ಗಿದ್ದ ಮಹಾರಾಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಈ ಒಂದ ಕೆಂಪು ಗುರುತು ಯಾರದು?”

“ಹುಲಿಗೆಮ್ಮ ಅಂತ್ರಿ. ಹೊತ್ತು ಮೀರಿದ್ರ ಕೆಂಪು ಬೀಳತೈತಿ. ಬಾಳ ನಿಧಾನ, ಒಂದ ಲೆಕ್ಕಕ್ಕ ಐವತ್ತೆರಡು ನಿಮಿಷ! ಗಣಿತ ಬಿಟ್ಟು ಬ್ಯಾರೆ ವಿಷಯ ತಗೋ ಅಂತ ಹೇಳೇನ್ರಿ.”

“ಏನು ಬರದಾಳ?”

ವಿರೂಪಾಕ್ಷ ಈಗ ಮೊದಲ ಸಲ ಅದನ್ನು ನೋಡಿದ. ಆರು ತಪ್ಪು ಉತ್ತರ, ಆರೂ ಬೇರೆ ಬೇರೆ. ಏಳನೆಯದು ಸರಿ. ಬಟನ್ನನ್ನು ಹುಡುಗಿ ಮುಟ್ಟಿರಲೇ ಇಲ್ಲ.

ಅವನು ಲ್ಯಾಪ್‌ಟಾಪ್ ಮುಚ್ಚಿದ.

“ಮುಚ್ಚಿಸಲಿ ಬಿಡ್ರಿ ಸರ. ನಿಮ್ಮಂಗ ನಾನೂ ಬೋರ್ಡಿನ ಮ್ಯಾಲೆ ಬರೀತೀನಿ.”

ಮಾಸ್ತರರು ನಕ್ಕರು.

“ಆ ಬಟನ್ ನಾನ ಆಗಿದ್ನೋ ಮಾರಾಯ. ಮೂವತ್ತು ವರ್ಷ, ಹುಡುಗ್ರು ಪೆನ್ನು ತಗಿಯೂದ್ರಾಗ ಪೂರಾ ಉತ್ತರ ಬರದುಬಿಡತಿದ್ದೆ. ಯಾರು ಐವತ್ತೆರಡು ನಿಮಿಷ ಕೂತ್ರು ಅಂತ ನನ್ನ ಬೋರ್ಡು ಒಂದಿನಾನೂ ಹೇಳಲಿಲ್ಲ. ನಿನ್ನ ಕಂಪ್ಯೂಟರ್ ಹೇಳೈತಿ. ನೀನು ಕೇಳಿಲ್ಲ.”

“ಹಂಗಾರ ಏನು ಮಾಡ್ಲಿ ಸರ?”

“ಆ ಹುಡುಗಿನ್ನ ವಾಪಸ್ ಕರಿ. ಮೂರು ತಪ್ಪು ಎಲ್ಲಾರೂ ಮಾಡ್ತಾರ. ಬಟನ್ ಒತ್ತದ ನಾಲ್ಕನೇದು ಹೆಂಗ ಮಾಡಿದಿ ತಂಗಿ ಅಂತ ಆಕಿನ್ನ ಕೇಳು.”