ರಾಗಿ ತೆನೆ ಮುಷ್ಟಿ ಕಟ್ಟಿದ್ದು ಯಾಕೆ

ಲೋಕ ಇನ್ನೂ ಹೊಸದಾಗಿತ್ತು, ಮಗೂ. ಬೆಟ್ಟಗಳ ಮೈಮೇಲಿನ ಹಸಿ ಆರಿರಲಿಲ್ಲ. ಗಿಡಕ್ಕೆ, ಗಾಳಿಗೆ, ಮನುಷ್ಯರಿಗೆ, ಎಲ್ಲರಿಗೂ ಒಂದೇ ಮಾತು ಬರುತ್ತಿತ್ತು.

ಆಗ ರಾಗಿ ತೆನೆ ಈಗಿನ ಹಾಗಿರಲಿಲ್ಲ. ಬಿಚ್ಚಿದ ಅಂಗೈಯಂತೆ ಅದರ ಬೆರಳುಗಳು ಅಗಲವಾಗಿ ಹರಡಿಕೊಂಡಿದ್ದವು. ಆ ಬೆರಳುಗಳ ಮೇಲೆ ರಾಗಿತಾಯಿಯ ಮಕ್ಕಳು, ಅಂದರೆ ಕಾಳುಗಳು, ಒತ್ತೊತ್ತಾಗಿ ಕೂತಿದ್ದವು. ಎಷ್ಟು ಸಣ್ಣವು ಅಂದರೆ, ಇರುವೆಯೂ ಬಗ್ಗಿ ನೋಡಬೇಕಿತ್ತು.

ಗಾಳಿರಾಯನಿಗೆ ಅವುಗಳನ್ನು ಕಂಡರೆ ತಮಾಷೆ.

"ಏ ಚೋಟು! ಚೋಟುದ್ದವೂ ಇಲ್ಲವಲ್ಲೋ ನೀನು!" ಎಂದು ಉಫ್ ಅಂತ ಊದುತ್ತಿದ್ದ. ಕಾಳುಗಳು ಹಾರಿಹೋಗಿ ಬಂಡೆಯ ಮೇಲೆ ಬಿದ್ದು ಬಿಸಿಲಿಗೆ ಸುಟ್ಟುಹೋಗುತ್ತಿದ್ದವು. ಮಾರನೆಯ ದಿನ ಮತ್ತೆ ಬರುತ್ತಿದ್ದ. "ಏ ಚೋಟು!" ಮತ್ತೆ ಉಫ್.

ಹೀಗೇ ಆದರೆ ಬಿತ್ತಕ್ಕೂ ಒಂದು ಕಾಳು ಉಳಿಯುವುದಿಲ್ಲ ಎಂದು ರಾಗಿತಾಯಿ ಹೆದರಿದಳು. ಭೂತಾಯಿಯನ್ನು ಬೇಡಿಕೊಂಡಳು. "ಅವ್ವಾ, ನನ್ನ ಮಕ್ಕಳನ್ನ ದೊಡ್ಡದು ಮಾಡು. ಹಲಸಿನ ಬೀಜದಷ್ಟಾದರೂ ಮಾಡು."

"ಮಾಡ್ತೀನಿ ಕಣವ್ವ. ಆದರೆ ದೊಡ್ಡ ಮಕ್ಕಳಿಗೆ ದೊಡ್ಡ ದಾಹ. ನೀನು ನಿಂತಿರೋದು ಕಲ್ಲುನೆಲ. ಇಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯೋಚನೆ ಮಾಡಿ ಹೇಳು" ಎಂದಳು ಭೂತಾಯಿ.

ಹೊಲದ ಬದುವಿನಲ್ಲಿ ಕೆಂಚವ್ವ ಎಂಬ ಹೆಂಗಸು ಹಸುಗೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಗಾಳಿರಾಯ ಬೀಸಿ ಬಂದು ಕೂಸಿನ ಹೊದಿಕೆ ಎಳೆದ. ಕೂಸು ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಎಷ್ಟು ಎಳೆದರೂ ಬಿಡಲಿಲ್ಲ.

"ಅಯ್ಯೋ ನನ್ನ ಚೋಟೂ! ಏನು ಗಟ್ಟಿಯಪ್ಪಾ ನಿನ್ನ ಹಿಡಿತ!" ಕೆಂಚವ್ವ ಮುದ್ದಿಟ್ಟಳು. ಕೂಸು ಬೊಚ್ಚುಬಾಯಿ ಬಿಟ್ಟು ನಕ್ಕಿತು.

ರಾಗಿತಾಯಿಗೆ ಆಶ್ಚರ್ಯ. "ಕೆಂಚವ್ವ, ಅದು ಬೈಗುಳ ಅಲ್ವಾ? ಗಾಳಿರಾಯ ಹಾಗಂದರೆ ನನ್ನ ಕರುಳು ಹಿಂಡಿದ ಹಾಗಾಗುತ್ತೆ."

"ಅವನು ದೂರ ತಳ್ಳೋಕೆ ಅಂತಾನೆ. ನಾನು ಹತ್ತಿರ ಎಳ್ಕೊಳ್ಳೋಕೆ ಅಂತೀನಿ. ಅಷ್ಟೇ ಕಣವ್ವ."

ರಾಗಿತಾಯಿ ಕೂಸಿನ ಮುಷ್ಟಿಯನ್ನೇ ನೋಡುತ್ತ ನಿಂತಳು. ಆಮೇಲೆ ಹೇಳಿದಳು: "ಭೂತಾಯಿ, ನನ್ನ ಮಕ್ಕಳು ಇದ್ದ ಹಾಗೇ ಇರಲಿ. ನನಗೆ ಬೆರಳು ಮಡಿಸೋ ಶಕ್ತಿ ಕೊಡು."

ಬೇರಿನಿಂದ ಶಕ್ತಿ ಮೇಲೇರಿತು. ನೋವಾಯಿತು. ಆದರೂ ರಾಗಿತಾಯಿ ಮೆಲ್ಲಗೆ, ಮೆಲ್ಲಮೆಲ್ಲಗೆ ಬೆರಳುಗಳನ್ನು ಒಳಕ್ಕೆ ಬಾಗಿಸಿದಳು.

ಸಂಜೆ ಗಾಳಿರಾಯ ಬಂದ. ಊದಿದ. ಕೆನ್ನೆ ಉಬ್ಬಿಸಿ ಊದಿದ. ದಂಟು ನೆಲದ ತನಕ ಬಾಗಿತು, ಮುಷ್ಟಿ ಬಿಚ್ಚಲಿಲ್ಲ. "ಹೆದರಬೇಡಿ, ನನ್ನ ಚೋಟುಗಳಾ" ಎನ್ನುತ್ತಿದ್ದಳು ರಾಗಿತಾಯಿ.

ಗಾಳಿರಾಯ ಸೋತು ಕೂತ. ಬೆರಳ ಸಂದಿಯಲ್ಲಿ ಇಣುಕಿದ. ಒಂದಕ್ಕೊಂದು ಅಂಟಿಕೊಂಡು ಕೆಂಪು ಕಾಳುಗಳು ನಿದ್ದೆ ಹೋಗಿದ್ದವು. ಅಷ್ಟು ಹತ್ತಿರದಿಂದ ಅವನು ಯಾವತ್ತೂ ನೋಡಿರಲಿಲ್ಲ. "ಅಯ್ಯೋ, ಚೋಟೂ..." ಎಂದ. ಈ ಸಲ ಮಾತು ಮೆತ್ತಗಿತ್ತು. ಹಾಗೇ ತೊಟ್ಟಿಲು ತೂಗುವವರಂತೆ ಮೆಲ್ಲಗೆ ಬೀಸತೊಡಗಿದ.

ಅದಕ್ಕೇ ಮಗೂ, ಇವತ್ತಿಗೂ ಬಲಿತ ರಾಗಿ ತೆನೆ ಬೆರಳು ಮಡಿಸಿ ಮುಷ್ಟಿ ಕಟ್ಟಿಕೊಂಡೇ ಇರುತ್ತೆ. ಗಾಳಿ ಬಂದರೆ ತಲೆದೂಗುತ್ತೆ, ಮಕ್ಕಳನ್ನು ಮಾತ್ರ ಬಿಟ್ಟುಕೊಡಲ್ಲ.